ಎಲ್ಲರೂ ಬಂದರೂ ಏಕವಚನವೇ!



ತುಮಕೂರಿನಿಂದ ಗುಬ್ಬಿಗೆ ಹೊರಟ ಬಸ್ಸಿನಲ್ಲಿ ಕಂಡಕ್ಟರ್ ಕೇಳುತ್ತಾರೆ: "ಎಲ್ಲರೂ ಟಿಕೆಟ್ ತಗೊಂಡ್ರಾ?" ಎಲ್ಲರ ಬಳಿಯೂ ಟಿಕೆಟ್ ಇದೆ. ಇದನ್ನೇ ಇಂಗ್ಲಿಷಿನಲ್ಲಿ ಹೇಳುವಾಗ ನಮ್ಮಲ್ಲಿ ಅನೇಕರು 'ಎವ್ರಿಒನ್ ಹ್ಯಾವ್ ಎ ಟಿಕೆಟ್' ಎಂದುಬಿಡುತ್ತೇವೆ. ವಿಜ್ಞಾನ ಓದಿದ ನನಗೂ ಈ ತಪ್ಪು ಬಹುಕಾಲ ಕಾಡಿತ್ತು. ಅಲ್ಲಿರಬೇಕಾದದ್ದು 'ಹ್ಯಾಸ್'.

ಈ ತಪ್ಪಿಗೆ ಕಾರಣ ದಡ್ಡತನವಲ್ಲ, ಕನ್ನಡದ ಮರ್ಯಾದೆ! ಬಾಗಿಲಲ್ಲಿ ಒಬ್ಬರೇ ನಿಂತಿದ್ದರೂ 'ಯಾರೋ ಬಂದಿದ್ದಾರೆ' ಎನ್ನುತ್ತೇವೆ. 'ಪ್ರತಿಯೊಬ್ಬರೂ ಬಂದರು' ಎನ್ನುವಾಗಲೂ ಕ್ರಿಯಾಪದ ಬಹುವಚನದಲ್ಲೇ ಇರುತ್ತದೆ. ಇಂಗ್ಲಿಷಿನ ರೀತಿ ಬೇರೆ. ಎವ್ರಿಒನ್, ಸಮ್‌ಬಡಿ, ನೋಬಡಿ, ಎನಿಥಿಂಗ್ ಈ ಪದಗಳ ಕೊನೆ ನೋಡಿ. 'ಒನ್', 'ಬಡಿ', 'ಥಿಂಗ್' ಎಲ್ಲವೂ ಏಕವಚನ. ಆದ್ದರಿಂದ ಕ್ರಿಯಾಪದವೂ ಏಕವಚನ. 'ಈಚ್' ಕೂಡ ಹಾಗೆಯೇ. 'ಬೋತ್', 'ಮೆನಿ', 'ಫ್ಯೂ' ಮಾತ್ರ ಬಹುವಚನ.

'ಆಲ್', 'ಸಮ್', 'ಮೋಸ್ಟ್' ಬಂದಾಗ ಕನ್ನಡವೇ ದಾರಿ ತೋರುತ್ತದೆ. ಕುದುರೆ ಫಾರಂಗೆ ಹೆಸರಾದ ಕುಣಿಗಲ್ಲನ್ನು ನೆನೆಯಿರಿ. 'ಹುಲ್ಲೆಲ್ಲ ಒಣಗಿದೆ', ಆದರೆ 'ಕುದುರೆಗಳೆಲ್ಲ ಓಡುತ್ತಿವೆ'. ಇಂಗ್ಲಿಷಿನಲ್ಲೂ ಅಷ್ಟೇ: 'ಆಲ್ ಆಫ್ ದ ಗ್ರಾಸ್ ಈಸ್ ಡ್ರೈ', 'ಆಲ್ ಆಫ್ ದ ಹಾರ್ಸಸ್ ಆರ್ ರನ್ನಿಂಗ್'. ಎಣಿಸಲಾಗದ ವಸ್ತುವಿಗೆ ಏಕವಚನ, ಎಣಿಸಬಹುದಾದ ಹಲವಕ್ಕೆ ಬಹುವಚನ.

ಒಂದು ಎಚ್ಚರಿಕೆ. 'ಈಚ್ ಆಫ್ ದ ಹಾರ್ಸಸ್' ಎಂದಾಗ ಪಕ್ಕದ 'ಹಾರ್ಸಸ್' ನೋಡಿ ಮೋಸಹೋಗಬೇಡಿ. ಕರ್ತೃಪದ 'ಈಚ್', ಆದ್ದರಿಂದ 'ಈಸ್' ಎಂದೇ ಬರೆಯಿರಿ. ಪರೀಕ್ಷೆಯಲ್ಲಿ ಅಂಕ ಸೋರಿಹೋಗುವುದು ಇಂಥ ಕಡೆಯೇ.

ನಾಳೆ ಬಸ್ಸಿನಲ್ಲಿ ಕಂಡಕ್ಟರ್ ಕೇಳಿದಾಗ ಮನಸ್ಸಿನಲ್ಲೇ ಒಮ್ಮೆ ಇಂಗ್ಲಿಷಿನಲ್ಲಿ ಉತ್ತರಿಸಿ ನೋಡಿ!