ಓಡದ ರೈಲಿನ ಟಿಕೆಟ್ ದುಡ್ಡು

ತಮಿಳುನಾಡಿನ ಮಧುರೆಯಿಂದ ಬೋಡಿನಾಯಕನೂರಿಗೆ ಸುಮಾರು 90 ಕಿಲೋಮೀಟರ್. 1928ರಲ್ಲಿ ಶುರುವಾದ ಈ ಮೀಟರ್‌ಗೇಜ್ ಹಳಿಯನ್ನು ಎರಡನೆಯ ಮಹಾಯುದ್ಧದ ಕಾಲದಲ್ಲಿ ಕಿತ್ತರು. 1950ರ ದಶಕದಲ್ಲಿ ಮತ್ತೆ ಹಾಸಿದರು. ಬ್ರಾಡ್‌ಗೇಜ್ ಕೆಲಸಕ್ಕೆಂದು 2010ರ ಕೊನೆಗೆ ನಿಂತ ರೈಲು ದಾರಿಯ ನಡುವಿನ ತೇನಿಗೆ ಮರಳಿದ್ದು 2022ರ ಮೇ ತಿಂಗಳಲ್ಲಿ, ಬೋಡಿನಾಯಕನೂರಿಗೆ ಬಂದದ್ದು 2023ರ ಜೂನ್‌ನಲ್ಲಿ. ಮಧುರೆ–ತೇನಿ ನಡುವಿನ 75 ಕಿಲೋಮೀಟರಿಗೆ ತಗುಲಿದ್ದು 500 ಕೋಟಿ ರೂಪಾಯಿಗೂ ಹೆಚ್ಚು.

ಈ ಲೆಕ್ಕ ಕಡತದಲ್ಲಿದೆ. ಹನ್ನೊಂದು ವರ್ಷಕ್ಕೂ ಹೆಚ್ಚು ಕಾಲ ರೈಲಿಲ್ಲದೆ ಊರವರು ಬಸ್ಸಿಗೆ ತೆತ್ತ ಚಾರ್ಜು, ಕಳೆದುಕೊಂಡ ಹೊತ್ತು ಯಾವ ಕಡತದಲ್ಲೂ ಇಲ್ಲ. ಪಕ್ಕದ ಕಂಬಂ ಕಣಿವೆಯಲ್ಲಿ ಇಂದಿಗೂ ಮನೆಮಾತು ಕನ್ನಡವಾಗಿರುವ ಕಾಪ್ಪಿಲಿಯರ್ ಒಕ್ಕಲುಗಳಿವೆ. ಅವರ ಊರುಗಳಿಗಂತೂ ರೈಲು ಇನ್ನೂ ಬಂದಿಲ್ಲ. ದಿಂಡಿಗಲ್‌ನಿಂದ ತೇನಿ, ಕಂಬಂ ಹಾದು ಕೇರಳದ ಗಡಿಯ ಕುಮಿಳಿಗೆ ಹಳಿ ಬೇಕೆಂಬುದು ಹಳೆಯ ಬೇಡಿಕೆ. ಅಲ್ಲಿಯವರೆಗೆ ಕಣಿವೆಯ ದ್ರಾಕ್ಷಿಯೂ ತೆಂಗಿನಕಾಯಿಯೂ ಲಾರಿಯಲ್ಲೇ ಹೋಗಬೇಕು.

ರೈಲಾಗಲಿ ರಸ್ತೆಯಾಗಲಿ, ದಾರಿಗೆ ದುಡ್ಡು ಬರುವುದು ಮೂರು ಜೇಬಿನಿಂದ. ಮೊದಲನೆಯದು ಬಳಸುವವರದು: ಹೆದ್ದಾರಿಯ ಟೋಲ್, ಪೆಟ್ರೋಲ್–ಡೀಸೆಲ್ ಮೇಲಿನ ಸೆಸ್. ಟೋಲ್‌ನಲ್ಲಿ ಬೈಕಿಗೆ ವಿನಾಯಿತಿಯುಂಟು, ಲಾರಿಗಿಲ್ಲ. ಆ ಹಣವನ್ನು ಲಾರಿಯವನು ಬಾಡಿಗೆಗೆ ಸೇರಿಸುತ್ತಾನೆ. ಬಾಡಿಗೆ ಏರಿದಷ್ಟೂ ತೋಟದಲ್ಲಿ ದ್ರಾಕ್ಷಿಗೆ ಸಿಗುವ ದರ ಜಗ್ಗುತ್ತದೆ.

ಎರಡನೆಯದು ಬೊಕ್ಕಸ. 2021ರ ಮೇ ತಿಂಗಳಿಂದ ತಮಿಳುನಾಡಿನ ಸಾಧಾರಣ ಟೌನ್ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ. ಆ ಹಣವನ್ನು ಸರ್ಕಾರ ಬೊಕ್ಕಸದಿಂದ ಸಾರಿಗೆ ನಿಗಮಕ್ಕೆ ತುಂಬಿಕೊಡಬೇಕು. 2023ರ ಜೂನ್‌ನಲ್ಲಿ ನಮ್ಮ ಕರ್ನಾಟಕದಲ್ಲಿ ಶುರುವಾದ ‘ಶಕ್ತಿ’ ಯೋಜನೆಯ ಲೆಕ್ಕವೂ ಇದೇ. ತುಂಬಿಕೊಡುವುದು ತಡವಾದರೆ ಹೊಸ ಬಸ್ಸು ಬರುವುದಿಲ್ಲ. ಬಸ್ಸೇ ಬಾರದ ಊರಿಗೆ ಉಚಿತ ಟಿಕೆಟ್ ಇದ್ದೇನು?

ಮೂರನೆಯದು ಜಮೀನಿನವರ ಜೇಬು; ಅದನ್ನು ಇಂದು ಮುಟ್ಟುವುದು ಅಪರೂಪ. ಹಿಂದಿನ ಮದ್ರಾಸ್ ಪ್ರಾಂತದಲ್ಲಿ ತಂಜಾವೂರು ಜಿಲ್ಲಾ ಬೋರ್ಡು ಜಮೀನಿನ ಮೇಲೆ ಸೆಸ್ ಹಾಕಿ, ಆ ಹಣದಿಂದ ರೈಲುಹಳಿ ಹಾಸಿಸಿತು; 1894ರಲ್ಲಿ ಅದರ ಮೇಲೆ ರೈಲು ಓಡಿತು. ಹಳಿ ಬಂದರೆ ಬೆಲೆ ಏರುವುದು ಜಮೀನಿಗೆ. ಆದ್ದರಿಂದ ಕೊಡಬೇಕಾದವನೂ ಜಮೀನಿನವನೇ ಎಂಬ ನೇರ ಲೆಕ್ಕ ಅದು. ಇಂದು ರೈಲು ಬರುವ ಸುದ್ದಿಗೇ ಸೈಟಿನ ದರ ಏರುತ್ತದೆ. ಆ ಏರಿಕೆಯಲ್ಲೊಂದು ಪಾಲನ್ನು ದಾರಿಯ ಖಾತೆಗೇ ಕಟ್ಟಿಸಿಕೊಂಡರೆ ತಪ್ಪೇನು?

ಬೆಳಗಿನ ಜಾವ ಬೋಡಿಮೆಟ್ಟು, ಕಂಬಂಮೆಟ್ಟು ಘಾಟಿ ಹತ್ತುವ ಜೀಪುಗಳಲ್ಲಿ ಕೇರಳದ ಏಲಕ್ಕಿ ತೋಟಗಳಿಗೆ ಕೂಲಿಗೆ ಹೊರಟ ಹೆಂಗಸರು ಒತ್ತೊತ್ತಾಗಿ ಕೂತಿರುತ್ತಾರೆ. ಟೌನ್ ಬಸ್ಸಿನ ಉಚಿತ ಟಿಕೆಟ್ ಘಾಟಿ ಹತ್ತುವುದಿಲ್ಲ. ಮೇಲೆ ತೋಟಕ್ಕೆ ಬೆಲೆ ತಂದದ್ದು ಇದೇ ದಾರಿ, ಇದೇ ಕೈಗಳು. ದಾರಿಯ ಖರ್ಚನ್ನು ಹಂಚುವಾಗ ಮೊದಲು ಕೇಳಬೇಕಾದದ್ದು ತೋಟದ ಪಾಲು. ಜೀಪಿನಲ್ಲಿ ಕೂತವರು ತಮ್ಮದನ್ನು ದಿನವೂ ಕೊಡುತ್ತಲೇ ಇದ್ದಾರೆ.