ಸಸಿ ಬಾಡಿದರೆ ಔಷಧಕ್ಕೆ ಓಡಬೇಡಿ, ಮೊದಲು ಟ್ರೇ ಮೇಲೆ ಬಟಾಟಿ ಇಡಿ

ಎರಡು ವರ್ಷದ ಹಿಂದಿನ ಮಾತು. ಹೊಂಬಳದ ನಮ್ಮ ಹೊಲದಲ್ಲಿ ನೆರಳು ಪರದೆ ಕಟ್ಟಿ, 98 ಕುಳಿಯ ಟ್ರೇಗಳಲ್ಲಿ ಬ್ಯಾಡಗಿ ಮೆಣಸಿನ ಸಸಿ ಬೆಳೆಸುತ್ತಿದ್ದೆ. ಊರಿನ ಆರು ಮಂದಿ ಮುಂಗಡ ಕೊಟ್ಟಿದ್ದರು. ಹದಿನೈದು ದಿನಕ್ಕೆ ಸಸಿ ಅಲ್ಲಲ್ಲಿ ಬಾಡಿ ಮಲಗತೊಡಗಿದವು. ಸಸಿ ಸಾಯುವ ರೋಗ ಅಂತ ತಿಳಿದು ಶಿಲೀಂಧ್ರನಾಶಕ ಸುರಿದೆ. ಬಾಡಿದ್ದಕ್ಕೆ ನೀರನ್ನೂ ಜಾಸ್ತಿ ಕೊಟ್ಟೆ. ವಾರದೊಳಗೆ ಮೂರರಲ್ಲಿ ಒಂದು ಪಾಲು ಹೋಯಿತು.

ಮುಂಗಡ ತಿರುಗಿ ಕೊಟ್ಟೆ. ಆದರೆ ಒಬ್ಬ ಕಾಕಾ ಅಂದ ಮಾತು ಇನ್ನೂ ಕಿವಿಯಲ್ಲಿದೆ: "ರೊಕ್ಕ ತಗೊಂಡ್ ಏನ್ ಮಾಡ್ಲೋ ತಮ್ಮಾ? ಹದಾ ಹೋಗಾಕತ್ತೈತಿ, ಸಸಿ ಎಲ್ಲಿಂದ ತರ್ಲಿ?"

ಕಳ್ಳ ಸಿಕ್ಕಿದ್ದು ಬೇರಿನಲ್ಲಿ

ಟ್ರೇ ಎತ್ತಿದಾಗಲೆಲ್ಲ ಸಣ್ಣ ಕರಿ ನೊಣ ಏಳುತ್ತಿದ್ದವು. ಸೊಳ್ಳೆ ಅಂದುಕೊಂಡು ಬಿಟ್ಟಿದ್ದೆ. ಕೊನೆಗೆ ಬಾಡಿದ ಸಸಿಯೊಂದನ್ನು ಕಿತ್ತು ಬಿಳಿ ಹಾಳೆ ಮೇಲೆ ಝಾಡಿಸಿ, ಮೊಬೈಲ್ ಕ್ಯಾಮೆರಾ ಝೂಮ್ ಮಾಡಿ ನೋಡಿದೆ. ಗಾಜಿನಂತೆ ಪಾರದರ್ಶಕ ಮೈ, ಹೊಳೆಯುವ ಕಪ್ಪು ತಲೆ, ಅರ್ಧ ಸೆಂಟಿಮೀಟರ್ ಉದ್ದದ ಮರಿಹುಳು. ಇದೇ ಫಂಗಸ್ ನ್ಯಾಟ್‌ನ ಮರಿ.

ದೊಡ್ಡ ನೊಣ ಕಚ್ಚುವುದಿಲ್ಲ, ಎಲೆ ತಿನ್ನುವುದಿಲ್ಲ. ಅದರ ರೆಕ್ಕೆಯಲ್ಲಿ ಕವೆಗೋಲಿನ ಹಾಗೆ ಕವಲೊಡೆದ ಒಂದು ನರ ಕಾಣುತ್ತದೆ, ಅದೇ ಗುರುತು. ಒಂದು ಹೆಣ್ಣು ಒದ್ದೆ ಕೋಕೋಪೀಟ್‌ನಲ್ಲಿ ನೂರರ ಮೇಲೆ ಮೊಟ್ಟೆ ಇಡಬಲ್ಲದು. ಮರಿಗಳು ಪಾಚಿ, ಶಿಲೀಂಧ್ರ ತಿನ್ನುತ್ತ ಎಳೆ ಬೇರನ್ನೂ ಕಡಿಯುತ್ತವೆ. ಆ ಗಾಯದಿಂದ ಪಿಥಿಯಂನಂಥ ರೋಗ ಒಳಗೆ ಹೋಗುತ್ತದೆ. ಅಂದರೆ ನಾನು ರೋಗಕ್ಕೆ ಮದ್ದು ಕೊಟ್ಟೆ, ರೋಗಕ್ಕೆ ಬಾಗಿಲು ತೆಗೆದವನನ್ನು ಹಾಗೇ ಬಿಟ್ಟೆ. ಮೇಲಿಂದ ನೀರು ಹಾಕಿ ಅವನಿಗೆ ಹಬ್ಬವನ್ನೂ ಮಾಡಿದೆ.

ಮೊಟ್ಟೆಯಿಂದ ನೊಣ ಆಗಲು ಸುಮಾರು ಮೂರರಿಂದ ನಾಲ್ಕು ವಾರ ಬೇಕು. ಮೆಣಸಿನ ಸಸಿ ಟ್ರೇಯಲ್ಲಿ ಐದಾರು ವಾರ ಇರುತ್ತದೆ. ಮೊದಲ ವಾರ ಬಂದ ನೊಣದ ಮಕ್ಕಳೇ ಅದೇ ಟ್ರೇಯಲ್ಲಿ ಮತ್ತೆ ಮೊಟ್ಟೆ ಇಡುತ್ತವೆ. ಅದಕ್ಕೇ ತಡ ಮಾಡಬಾರದು.

ಬಟಾಟಿ ಪರೀಕ್ಷೆ

ಬಟಾಟಿಯ ತೆಳು ಹೋಳನ್ನು ಕೋಕೋಪೀಟ್‌ಗೆ ಒತ್ತಿ ಇಡಿ. ಎರಡು ಮೂರು ದಿನ ಬಿಟ್ಟು ಎತ್ತಿ, ಅಡಿಭಾಗ ನೋಡಿ. ಮರಿ ಇದ್ದರೆ ಅಲ್ಲಿ ಸೇರಿರುತ್ತವೆ. ಜೊತೆಗೆ ಹಳದಿ ಅಂಟು ಹಾಳೆಯನ್ನು ಟ್ರೇ ಮಟ್ಟದಲ್ಲೇ ಮಲಗಿಸಿ ಇಡಿ. ವಾರಕ್ಕೊಮ್ಮೆ ಫೋಟೋ ತೆಗೆದಿಟ್ಟರೆ ನೊಣ ಹೆಚ್ಚಿತೋ ಇಳಿಯಿತೋ ಗೊತ್ತಾಗುತ್ತದೆ.

ನಮ್ಮ ಪರವಾಗಿ ದುಡಿಯುವ ಜೀವಿಗಳು

ಮೊದಲನೆಯದು ಬಿಟಿಐ, ಅಂದರೆ ಬ್ಯಾಸಿಲಸ್ ತುರಿಂಜೆನ್ಸಿಸ್ ಇಸ್ರೇಲೆನ್ಸಿಸ್. 1976ರಲ್ಲಿ ಇಸ್ರೇಲಿನ ನೆಗೆವ್ ಮರುಭೂಮಿಯ ನೀರಿನ ಹೊಂಡದಲ್ಲಿ ಸಿಕ್ಕ ಬ್ಯಾಕ್ಟೀರಿಯಾ ಇದು. ಇಲ್ಲೂ ನಾನು ಎಡವಿದೆ. ಅಂಗಡಿಯಲ್ಲಿ "ಬಿಟಿ ಕೊಡ್ರಿ" ಅಂದೆ, ಕಾಯಿಕೊರಕಕ್ಕೆ ಹೊಡೆಯುವ ಕುರ್ಸ್ಟಾಕಿ ಕೊಟ್ಟರು. ಅದು ಪತಂಗದ ಹುಳುವಿಗೆ; ನೊಣ, ಸೊಳ್ಳೆಯ ಮರಿಗೆ ಇಸ್ರೇಲೆನ್ಸಿಸ್ಸೇ ಬೇಕು. ಲೇಬಲ್‌ನಲ್ಲಿ ಆ ಹೆಸರು ಓದಿಯೇ ದುಡ್ಡು ಕೊಡಿ. ನಮ್ಮಲ್ಲಿ ಇದು ಹೆಚ್ಚಾಗಿ ಸೊಳ್ಳೆ ನಿಯಂತ್ರಣಕ್ಕೆ ಮಾರಾಟ ಆಗುವುದರಿಂದ, ಸಸಿಗೆ ಬಳಸುವ ಮುನ್ನ ಕೃಷಿ ವಿಜ್ಞಾನ ಕೇಂದ್ರದವರನ್ನು ಕೇಳಿ. ಮರಿ ಅದನ್ನು ತಿಂದರೆ ಮಾತ್ರ ಸಾಯುತ್ತದೆ, ಅದೂ ಎಳೆ ಮರಿ. ಪರಿಣಾಮ ಕೆಲವೇ ದಿನ. ಹೀಗಾಗಿ ವಾರಕ್ಕೊಮ್ಮೆಯಂತೆ ಎರಡು ಮೂರು ಸಲ ಬುಡಕ್ಕೆ ಹಾಕಬೇಕು.

ಎರಡನೆಯದು ಕೀಟ ಕೊಲ್ಲುವ ಜಂತುಹುಳು. ಬೇರುಗಂಟು ತರುವ ಜಂತು ಬೇರೆ, ಇದು ಬೇರೆ. ಬೆಳೆಗೆ ತೊಂದರೆ ಇಲ್ಲ. ಕಣ್ಣಿಗೆ ಕಾಣದ ಈ ಜಂತು ಮರಿಯ ಮೈಯೊಳಗೆ ನುಗ್ಗಿ, ತನ್ನ ಹೊಟ್ಟೆಯ ಬ್ಯಾಕ್ಟೀರಿಯಾ ಬಿಟ್ಟು, ಒಂದೆರಡು ದಿನದಲ್ಲಿ ಕೊಲ್ಲುತ್ತದೆ. ಯುರೋಪಿನ ಗ್ರೀನ್‌ಹೌಸ್‌ಗಳಲ್ಲಿ ಬಳಸುವ ಸ್ಟೈನರ್ನೆಮಾ ಫೆಲ್ಟಿಯೆಗೆ ತಂಪು ಬೇಕು, ನಮ್ಮ ಗದಗಿನ ಬಿಸಿಲು ಅದಕ್ಕೆ ಒಗ್ಗದು. ನಮಗೆ ಹೊಂದುವುದು ಹೆಟೆರೊರಾಬ್ಡಿಟಿಸ್ ಇಂಡಿಕಾ. 1992ರಲ್ಲಿ ಹೆಸರು ಪಡೆದ ಇದು ಕೊಯಮತ್ತೂರಿನಲ್ಲಿ ಸಿಕ್ಕ ನಮ್ಮ ದೇಶದ್ದೇ ಜಂತು. ಗೊಣ್ಣೆ ಹುಳುವಿಗೆಂದು ಬೆಂಗಳೂರಿನ ಎನ್‌ಬಿಎಐಆರ್ ಇದರ ಪುಡಿ ರೂಪ ಅಭಿವೃದ್ಧಿಪಡಿಸಿದೆ. ಬಿಸಿ ಗ್ರೀನ್‌ಹೌಸ್‌ನಲ್ಲಿ ಈ ಮರಿಗಳ ಮೇಲೂ ಇದು ಕೆಲಸ ಮಾಡುವುದು ಪರೀಕ್ಷೆಗಳಲ್ಲಿ ಕಂಡಿದೆ.

ಇದು ಜೀವ ಇರುವ ಸರಕು, ನೆನಪಿರಲಿ. ಪೊಟ್ಟಣವನ್ನು ಬಿಸಿಲಲ್ಲಿ ನಿಂತ ಗಾಡಿಯಲ್ಲಿ ಬಿಡಬೇಡಿ. ಸಂಜೆ ಹೊತ್ತಿಗೆ, ಕೋಕೋಪೀಟ್ ತೇವ ಇರುವಾಗ ಹಾಕಿ. ಸ್ಪ್ರೇಯರ್‌ನ ಸಣ್ಣ ಜಾಲರಿ ತೆಗೆಯಿರಿ. ರಾಸಾಯನಿಕದ ಜೊತೆ ಬೆರೆಸಬೇಡಿ. ಪ್ರಮಾಣ ಲೇಬಲ್‌ನಂತೆ.

ಅವ್ವ ಹೇಳಿದ್ದೇ ಖರೆ

ಇಷ್ಟೆಲ್ಲ ಹಾಕಿಯೂ ನೀರಿನ ಕೈ ಬಿಗಿ ಮಾಡದಿದ್ದರೆ ದುಡ್ಡು ದಂಡ. ಅವ್ವ ಮೊದಲೇ ಅಂದಿದ್ದಳು: "ಎಷ್ಟ್ ನೀರ ಹಾಕ್ತೀಯೋ, ನೆಲಾ ಎಲ್ಲಾ ಪಾಚಿಗಟ್ಟೈತಿ ನೋಡು." ಈಗ ಕೋಕೋಪೀಟ್‌ನ ಮೇಲ್ಪದರ ಒಣಗಿದ ಮೇಲೆಯೇ ನೀರು, ಅದೂ ಬೆಳಿಗ್ಗೆ. ಜಂತು ಹಾಕಿದ ಕೆಲವು ದಿನ ಮಾತ್ರ ತೇವ ಕಾಯ್ದುಕೊಳ್ಳುತ್ತೇನೆ. ಟ್ರೇ ನೆಲಕ್ಕೆ ಇಡುವುದಿಲ್ಲ. ಅರೆಕೊಳೆತ ಗೊಬ್ಬರ ಬೆರೆಸುವುದಿಲ್ಲ. ಹಳೇ ಟ್ರೇ ತೊಳೆದು ಬಿಸಿಲಿಗೆ ಒಣಗಿಸುತ್ತೇನೆ. ಸತ್ತ ಸಸಿ ಅಂದೇ ಹೊರಗೆ.

ಹೋದ ವರ್ಷವೂ ಬಟಾಟಿ ಹೋಳಿನಡಿ ಒಂದಿಷ್ಟು ಮರಿ ಕಂಡವು, ಒಂದಿಷ್ಟು ಸಸಿ ಸತ್ತವು. ಆದರೆ ಮುಂಗಡ ಕೊಟ್ಟ ಎಲ್ಲರಿಗೂ ಹದ ತಪ್ಪದಂತೆ ಸಸಿ ಮುಟ್ಟಿಸಿದೆ. ಆ ಕಾಕಾ ಕೂಡ ಬಂದಿದ್ದ. ಟ್ರೇ ಎತ್ತಿ ಕೆಳಗಿಂದ ಬೇರು ನೋಡಿ, ಮಾತಾಡದೆ ಗಾಡಿಗೆ ಹೇರಿಕೊಂಡ.

ನಿಮ್ಮ ನರ್ಸರಿಯಲ್ಲೂ ಟ್ರೇ ಎತ್ತಿದಾಗ ಕರಿ ನೊಣ ಏಳುತ್ತಿದ್ದರೆ ಇವತ್ತೇ ಬಟಾಟಿ ಇಡಿ. ಮರಿ ಕಂಡರೆ ಫೋಟೋ ತೆಗೆದು, ಒಂದು ಟ್ರೇ ಸಮೇತ ಹುಲಕೋಟಿಯ ಕೃಷಿ ವಿಜ್ಞಾನ ಕೇಂದ್ರಕ್ಕೋ ನಿಮ್ಮ ಹತ್ತಿರದ ಕೇಂದ್ರಕ್ಕೋ ಹೋಗಿ ತೋರಿಸಿ. ಔಷಧದ ಅಂಗಡಿ ಆಮೇಲೆ.