ಸ್ಥೂಲ ಮೂಷಕನ ಮೂತ್ರಪಿಂಡ

ಅಮೆರಿಕದ ಮೇನ್ ಪ್ರಾಂತ್ಯದ ಕಡಲಂಚಿನಲ್ಲಿ ಬಾರ್ ಹಾರ್ಬರ್ ಎಂಬ ಪುಟ್ಟ ಊರಿದೆ. ಅಲ್ಲಿಯ ಜಾಕ್ಸನ್ ಪ್ರಯೋಗಾಲಯದ ಮುಖ್ಯ ಕಸುಬು ಇಲಿ ಸಾಕುವುದು! 1947ರ ಕಾಳ್ಗಿಚ್ಚಿನಲ್ಲಿ ಅದರ ಬಹುಭಾಗ ಬೂದಿಯಾಯಿತು; ತಲೆಮಾರುಗಳ ಲೆಕ್ಕವಿಟ್ಟು ಬೆಳೆಸಿದ್ದ ಇಲಿಗಳು ಬೆಂದುಹೋದವು. ಹಿಂದೆ ಅಲ್ಲಿಂದಲೇ ಇಲಿಗಳನ್ನು ತರಿಸಿಕೊಂಡಿದ್ದ ವಿಜ್ಞಾನಿಗಳು ಅವುಗಳ ಸಂತತಿಯನ್ನು ಮರಳಿಸಿ, ಆ ಬರಿದಾದ ಮನೆಯನ್ನು ಮತ್ತೆ ತುಂಬಿದರು.

ಎರಡು ವರ್ಷಗಳ ತರುವಾಯ ಅಲ್ಲೊಂದು ವಿಚಿತ್ರ ಮರಿ ಕಣ್ಣಿಗೆ ಬಿದ್ದಿತು. ತಿನ್ನುವುದೊಂದೇ ಅದರ ವ್ರತ. ಈ ತಳಿಯ ಇಲಿಗಳು ಬೆಳೆದಾಗ ಒಡಹುಟ್ಟಿದವುಗಳ ಮೂರರಷ್ಟು ತೂಗಬಲ್ಲವು. 1966ರಲ್ಲಿ ಇನ್ನೊಂದು ತಳಿ ಪ್ರಕಟವಾಯಿತು. ಅದಕ್ಕೆ ಬೊಜ್ಜಿನೊಡನೆ ಉಗ್ರವಾದ ಸಿಹಿಮೂತ್ರ ರೋಗವೂ ಜನ್ಮದ ಗಂಟು. ಡಗ್ಲಸ್ ಕೋಲ್ಮನ್ ಎಂಬ ವಿಜ್ಞಾನಿ ಈ ಮಧುಮೇಹಿ ಇಲಿಯ ಹಾಗೂ ಒಂದು ಸಾಮಾನ್ಯ ಇಲಿಯ ರಕ್ತಪ್ರವಾಹಗಳನ್ನು ಒಂದುಗೂಡಿಸಿದರು. ಆಗ ಸಾಮಾನ್ಯ ಇಲಿ ಅನ್ನ ಬಿಟ್ಟು ಸತ್ತಿತು. ಮಧುಮೇಹಿಯೋ, ತಿನ್ನುತ್ತಲೇ ಇತ್ತು. ‘ಸಾಕು’ ಎನ್ನುವ ಸಂದೇಶ ಅದರ ರಕ್ತದಲ್ಲಿ ತುಂಬಿತ್ತು, ಕೇಳುವ ಕಿವಿ ಮಾತ್ರ ಅದಕ್ಕಿರಲಿಲ್ಲ. ಆ ಸಂದೇಶದ ದ್ರವ್ಯವಾದ ಲೆಪ್ಟಿನ್, 1994ರಲ್ಲಿ ಜೆಫ್ರಿ ಫ್ರೀಡ್ಮನ್ನರ ಬಳಗದ ಕೈಗೆ ಸಿಕ್ಕಿತು.

ಹಸಿವಿನ ಕಥೆ ಇಷ್ಟು. ಆದರೆ ಈ ಇಲಿಗಳ ಮೂತ್ರಪಿಂಡಗಳಲ್ಲಿ ನಡೆಯುವ ಕಥೆ ನಮ್ಮ ಮನೆಗಳಿಗೆ ಇನ್ನಷ್ಟು ಹತ್ತಿರದ್ದು.

ಮನುಷ್ಯನ ಒಂದೊಂದು ಮೂತ್ರಪಿಂಡದಲ್ಲಿಯೂ ಸುಮಾರು 10 ಲಕ್ಷ ಸೂಕ್ಷ್ಮ ಜರಡಿಗಳಿವೆ. ಅವು ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸುತ್ತವೆ. ಅದರಲ್ಲಿ ಒಂದೂವರೆ ಲೀಟರಿನಷ್ಟು ಮಾತ್ರ ಹೊರಕ್ಕೆ. ಮಿಕ್ಕದ್ದೆಲ್ಲ ಮರಳಿ ರಕ್ತಕ್ಕೆ. ಸಕ್ಕರೆ ಏರಿದ ಇಲಿಯಲ್ಲಿ ಮೂತ್ರಪಿಂಡ ಮೊದಲು ಸೋಲುವುದಿಲ್ಲ. ಉಬ್ಬಿ, ಎಂದಿಗಿಂತ ಹೆಚ್ಚು ಸೋಸತೊಡಗುತ್ತದೆ! ನೋಡುವವನಿಗೆ ಅದು ಬಲು ಚುರುಕು. ಕಾರಣವಿಷ್ಟೆ: ಜರಡಿಯಿಂದಿಳಿದ ಸಕ್ಕರೆಯನ್ನು ನಾಳಗಳು ಸೋಡಿಯಮ್ಮಿನೊಡನೆ ಜೋಡಿಯಾಗಿ ಹಿಂದಕ್ಕೆ ಹೀರುತ್ತವೆ. ಸಕ್ಕರೆ ಹೆಚ್ಚಿದಷ್ಟೂ ಸೋಡಿಯಂ ಹೆಚ್ಚು ಹೀರಲ್ಪಟ್ಟು, ಮುಂದೆ ಕುಳಿತ ಕಾವಲು ಕೋಶಗಳಿಗೆ ಅದು ಕಡಿಮೆ ತಲುಪುತ್ತದೆ. ‘ಸೋಸುವಿಕೆ ಸಾಲದು’ ಎಂದು ಭ್ರಮಿಸಿದ ಅವು ರಕ್ತ ಒಳಬರುವ ಬಾಗಿಲನ್ನು ಅಗಲಿಸುತ್ತವೆ. ಒತ್ತಡ ಏರುತ್ತದೆ, ಜರಡಿಯ ಕಣ್ಣು ಹಿಗ್ಗುತ್ತದೆ, ರಕ್ತದಲ್ಲಿ ಉಳಿಯಬೇಕಾದ ಆಲ್ಬುಮಿನ್ ಮೂತ್ರಕ್ಕೆ ಜಾರುತ್ತದೆ. ಬಳಿಕ ಜರಡಿಯ ನಡುವೆ ಗಟ್ಟಿ ದ್ರವ್ಯ ತುಂಬಿ, ಅದನ್ನು ಕಾಯುವ ಪಾದಕೋಶಗಳು ಉದುರುತ್ತವೆ. ಮನುಷ್ಯನಲ್ಲಿ ವರ್ಷಗಟ್ಟಲೆ ಹಿಡಿಯುವ ಈ ಮೊದಲ ಅಂಕಗಳು ಇಲಿಯಲ್ಲಿ ಕೆಲವೇ ವಾರ, ತಿಂಗಳುಗಳಲ್ಲಿ ಮುಗಿಯುತ್ತವೆ. ಆದರೆ ಮೂತ್ರಪಿಂಡ ಪೂರ್ಣ ಕೈಬಿಡುವ ಕಡೆಯ ಅಂಕವನ್ನು ಆ ಇಲಿ ಸಾಮಾನ್ಯವಾಗಿ ಆಡಿ ತೋರಿಸುವುದಿಲ್ಲ. ಇಲಿಯನ್ನು ನಂಬುವುದಕ್ಕೂ ಒಂದು ಮಿತಿ ಉಂಟು.

ಸಕ್ಕರೆಯೊಂದೇ ಅಪರಾಧಿಯೇ? 1961ರಲ್ಲಿ ಲೋಯಿಸ್ ಮತ್ತು ಥಿಯೊಡೋರ್ ಜುಕರ್ ವರ್ಣಿಸಿದ ಸ್ಥೂಲ ಹೆಗ್ಗಣ ಬೇರೆ ಸಾಕ್ಷ್ಯ ನುಡಿಯುತ್ತದೆ. ಅದರ ರಕ್ತದಲ್ಲಿ ಸಕ್ಕರೆ ಬಹಳ ಏರದಿದ್ದರೂ, ಕೊಬ್ಬು ವಿಪರೀತ, ಜರಡಿಗಳು ಕಲೆಗಟ್ಟುತ್ತವೆ. ಆಹಾರ ಮಿತಗೊಳಿಸಿದಾಗ ಈ ಹಾನಿ ತಗ್ಗಿತು. ಒಪ್ಪೊತ್ತಿನ ಅಜ್ಜಿಯರು ಕೇಳಿದ್ದರೆ ನಕ್ಕಾರು.

ಮದ್ದಿನ ಮೂಲವೂ ಸ್ವಾರಸ್ಯಕರವೇ. 1835ರಲ್ಲಿ ಸೇಬಿನ ಮರದ ಬೇರಿನ ತೊಗಟೆಯಿಂದ ಫ್ಲೊರಿಜಿನ್ ಎಂಬ ಕಹಿ ವಸ್ತುವನ್ನು ತೆಗೆದರು. ಅದನ್ನು ತಿಂದ ನಾಯಿಯ ಮೂತ್ರದಲ್ಲಿ ಸಕ್ಕರೆ ಹೋಗುವುದನ್ನು ಫಾನ್ ಮೆರಿಂಗ್ 1886ರ ಸುಮಾರಿಗೆ ತೋರಿಸಿದರು. ಸಕ್ಕರೆ–ಸೋಡಿಯಮ್ಮಿನ ಆ ಜೋಡಿ ಹೀರುವಿಕೆಗೆ ಅಡ್ಡಗಟ್ಟುವ ಇಂದಿನ ಗುಳಿಗೆಗಳು ಅದರ ವಂಶದವು. ಅವುಗಳಲ್ಲಿ ಒಂದಾದ ಕ್ಯಾನಾಗ್ಲಿಫ್ಲೋಜಿನನ್ನು ಮೂತ್ರಪಿಂಡ ಕೆಟ್ಟಿದ್ದ 4,401 ಮಧುಮೇಹಿಗಳಲ್ಲಿ ಪರೀಕ್ಷಿಸಿದಾಗ, ಮೂತ್ರಪಿಂಡ ಕೈಬಿಡುವುದೇ ಮೊದಲಾದ ವಿಪತ್ತುಗಳ ಸಂಭವ ಶೇಕಡಾ 30ರಷ್ಟು ಇಳಿಯಿತೆಂದು 2019ರಲ್ಲಿ ಪ್ರಕಟವಾಯಿತು.

ಚುರುಕಿನ ಮುಖವಾಡದ ಈ ರೋಗ ಹೊರಗಿನವರಿಗೆ ಕಾಣುವುದಿಲ್ಲ. ನೋವಿಲ್ಲ, ರಕ್ತದ ಕ್ರಿಯಾಟಿನಿನ್ ಪರೀಕ್ಷೆಯೂ ಮೊದಮೊದಲು ನೆಮ್ಮದಿಯ ಅಂಕಿಯನ್ನೇ ತೋರಬಹುದು. ಮಧುಮೇಹಿಯ ಮೂತ್ರದಲ್ಲಿ ಆಲ್ಬುಮಿನ್ ಇದೆಯೇ ಎಂದು ವರ್ಷಕ್ಕೊಮ್ಮೆ ನೋಡಬೇಕೆಂದು ವೈದ್ಯರು ಹೇಳುವುದು ಇದಕ್ಕೇ. ಆ ಗುಳಿಗೆ ಆರಂಭಿಸಿದ ಮೊದಲ ವಾರಗಳಲ್ಲಿ ಸೋಸುವಿಕೆಯ ಅಂಕಿ ತುಸು ಕುಸಿಯುವುದುಂಟು. ವರದಿ ಹಿಡಿದ ಮನೆಮಂದಿ ಗಾಬರಿಯಾಗುತ್ತಾರೆ. ಆದರೆ ಸಾಮಾನ್ಯವಾಗಿ ಅದು ಮೂತ್ರಪಿಂಡ ಸೋತ ಗುರುತಲ್ಲ. ಅಗಲವಾಗಿದ್ದ ಬಾಗಿಲು ಮತ್ತೆ ಕಿರಿದಾಗಿ, ಜರಡಿಯ ಮೇಲಿನ ಒತ್ತಡ ಇಳಿದಿದೆ, ಅಷ್ಟೆ.